ಕರ್ನಾಟಕ ನಕ್ಷೆಯ ಮರದ ಪಜಲ್: ಮಳೆಗಾಲದಲ್ಲಿ ಬಿಗಿಯುತ್ತದೆ, ದರವೂ ಕೂಡುವುದಿಲ್ಲ

ಪುತ್ತೂರಿನ ಗರಗಸ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಪುತ್ತೂರಿನ ಸಮೀಪ ನಮ್ಮದೊಂದು ಸಣ್ಣ ಮರಗೆಲಸದ ಶೆಡ್ ಇದೆ. ಅಪ್ಪ ದಾರಂದ, ಕಿಟಕಿ, ಮಂಚ ಮಾಡುತ್ತಾರೆ. ಅದರ ಒಂದು ಬದಿಯಲ್ಲಿ ನಾನು 16 ಇಂಚಿನ ಸ್ಕ್ರೋಲ್ ಸಾ (ತೆಳು ಬ್ಲೇಡಿನಿಂದ ಬಾಗುಗೆರೆಗಳನ್ನು ಕತ್ತರಿಸುವ ಗರಗಸ ಯಂತ್ರ) ಹಾಕಿಕೊಂಡು ಮರದ ಪಜಲ್ ಮಾಡಿ ಮಾರುತ್ತಿದ್ದೇನೆ. ಸದ್ಯಕ್ಕೆ ಎರಡೇ ಬಗೆ. ಒಂದು ಕರ್ನಾಟಕದ ಜಿಲ್ಲೆಗಳ ನಕ್ಷೆ. ಇನ್ನೊಂದು, ಹಲಗೆಯಿಂದ ಅಕ್ಷರಗಳನ್ನು ಬಿಡಿಸಿ ತೆಗೆದು ಮತ್ತೆ ಅದದೇ ಗುಂಡಿಯಲ್ಲಿ ಕೂರಿಸುವ ಕನ್ನಡ ಅಕ್ಷರಮಾಲೆ. ಎರಡಕ್ಕೂ 12 ಮಿಲಿಮೀಟರ್ ದಪ್ಪದ ರಬ್ಬರ್ ಮರ ಬಳಸುತ್ತೇನೆ. ನಮ್ಮ ಕಡೆ ಹಳೆಯ ತೋಟ ಕಡಿದಾಗ ಅದು ಧಾರಾಳವಾಗಿ ಸಿಗುತ್ತದೆ. ಉಪಚಾರ ಮಾಡಿ ಒಣಗಿಸಿದ ಹಲಗೆಯನ್ನೇ ಆರಿಸಿ ತರುತ್ತೇನೆ, ಇಲ್ಲದಿದ್ದರೆ ಹುಳು ಬಿಡುವುದಿಲ್ಲ.

ನಕ್ಷೆ ಎ3 ಕಾಗದದ ಅಳತೆಯದು. ಅದನ್ನು ಕೂರಿಸುವ ತಟ್ಟೆ ಮತ್ತು ಸುತ್ತಲಿನ ಚೌಕಟ್ಟು ಪ್ಲೈವುಡ್. ಏಪ್ರಿಲ್‌ನಲ್ಲಿ ಕತ್ತರಿಸಿದ ನಕ್ಷೆಯ ಚೂರುಗಳು ನುಣ್ಣಗೆ ಇಳಿಯುತ್ತಿದ್ದವು. ಜುಲೈ ಬಂದಾಗ ಸುಳ್ಯದ ಒಬ್ಬ ಗಿರಾಕಿ ಫೋನ್ ಮಾಡಿ, "ಹಾಸನ ಕೈಗೆ ಬರುವುದಿಲ್ಲ, ಮಗು ಅಳುತ್ತಿದೆ" ಎಂದರು. ಶೆಡ್ಡಿನಲ್ಲಿ ಉಳಿದಿದ್ದವನ್ನು ನೋಡಿದೆ. ಅವೂ ಬಿಗಿದಿವೆ. ಆದರೆ ಅಕ್ಷರದ ಹಲಗೆಗೆ ಏನೂ ಆಗಿಲ್ಲ. ಅದೇ ಮರ, ಅದೇ ಮಳೆ. ಹೀಗೇಕೆ?

ಇನ್ನೊಂದು ತೊಂದರೆ. ಕೆಲವು ಅಕ್ಷರಗಳು ಹಿಂಬದಿಯಿಂದ ಸಲೀಸಾಗಿ ಒಳಗೆ ಹೋಗುತ್ತವೆ, ಮುಂಬದಿಯಿಂದ ಹೋಗುವುದಿಲ್ಲ. ಬ್ಲೇಡ್ ಸದಾ ಒಂದೇ ಕಡೆಗೆ ಎಳೆಯುತ್ತದೆ. ನನ್ನ ಯಂತ್ರ ತುದಿಗಳಲ್ಲಿ ಅಡ್ಡ ಪಿನ್ ಇರುವ ಬ್ಲೇಡನ್ನು ಮಾತ್ರ ಹಿಡಿಯುವುದರಿಂದ, ಅಕ್ಷರದ ಒಳಗಿನ ಸಣ್ಣ ಸುರುಳಿಗಳನ್ನು ಕತ್ತರಿಸಲು ಆಗುತ್ತಿಲ್ಲ. 'ಠ' ಮತ್ತು 'ಥ' ಒಳಗಿನ ಚುಕ್ಕೆಯನ್ನು ಏನು ಮಾಡಬೇಕೆಂದು ಯಾರಾದರೂ ಹೇಳಿಕೊಟ್ಟರೆ ಉಪಕಾರವಾಗುತ್ತದೆ. ಬಣ್ಣದ ವಿಷಯವೂ ಇದೆ: ಚನ್ನಪಟ್ಟಣದ ಗೊಂಬೆಗಳಿಗೆ ಹಾಕುವ ಅರಗಿನ ಬಣ್ಣವನ್ನು ಈ ಚಪ್ಪಟೆ ಚೂರುಗಳಿಗೆ ಹಾಕಬಹುದೇ?

ಕೊನೆಯದು ದರ. ನಕ್ಷೆಗೆ 450 ರೂಪಾಯಿ ಹೇಳುತ್ತೇನೆ. ಜನ ಮೊಬೈಲ್ ತೆಗೆದು, ಲೇಸರಿನಲ್ಲಿ ಕತ್ತರಿಸಿದ್ದು 250ಕ್ಕೆ ಸಿಗುತ್ತದೆ ಎಂದು ತೋರಿಸುತ್ತಾರೆ. ಈ ಕೆಲಸ ನನಗೆ ಬಹಳ ಇಷ್ಟ, ಇದನ್ನೇ ಬದುಕು ಮಾಡಿಕೊಳ್ಳಬೇಕೆಂಬ ಆಸೆ ಇದೆ. ಅಪ್ಪ ಬೇಡವೆನ್ನುತ್ತಿಲ್ಲ, ಆದರೆ ಲೆಕ್ಕ ಕೇಳುತ್ತಾರೆ. ಆಟಿಕೆಗೆ ಐಎಸ್‌ಐ ಗುರುತು ಬೇಕೆಂದೂ ಒಬ್ಬರು ಹೆದರಿಸಿದ್ದಾರೆ.

---

ಬೀಟೆ ಮತ್ತು ಹಲಸು (ಮೈಸೂರು):

ತಮ್ಮಾ, ನಾನು ಮಂಡಿ ಮೊಹಲ್ಲಾದಲ್ಲಿ ಇನ್‌ಲೇ ಕೆಲಸ ಕಲಿತವನು. ಬೀಟೆ ಹಲಗೆಯಲ್ಲಿ ಹಳ್ಳ ತೋಡಿ, ಬೇರೆ ಬೇರೆ ಬಣ್ಣದ ಮರದ ತೆಳು ಚೂರುಗಳನ್ನು ಕೈ ಗರಗಸದಿಂದ ಕತ್ತರಿಸಿ ಕೂರಿಸುವುದು ನಮ್ಮ ಕಸುಬು. ಹಿಂದೆ ದಂತ ಕೂರಿಸುತ್ತಿದ್ದರು, ಈಗ ಅದು ನಿಷಿದ್ಧ. ಚೂರು ಮತ್ತು ಹಳ್ಳದ ಹೊಂದಿಕೆಯಲ್ಲೇ ನಮ್ಮ ಆಯುಸ್ಸು ಕಳೆದಿದೆ. ಹಾಗಾಗಿ ನಿನ್ನ ಪ್ರಶ್ನೆಗಳು ನನಗೆ ಮನೆಯ ಪ್ರಶ್ನೆಗಳೇ.

ಮೊದಲು ಬಿಗಿತ. ಉತ್ತರ ನಿನ್ನ ಮಾತಿನಲ್ಲೇ ಇದೆ. ಅಕ್ಷರ ಮತ್ತು ಅದರ ಗುಂಡಿ ಒಂದೇ ಹಲಗೆಯಲ್ಲಿ ಹುಟ್ಟಿದವು, ಮರದ ನಾರಿನ ಎಳೆಯೂ ಒಂದೇ ದಿಕ್ಕಿನದು. ಮಳೆಗೆ ಎರಡೂ ಒಟ್ಟಿಗೆ ಉಬ್ಬುತ್ತವೆ, ಎರಡೂ ಒಟ್ಟಿಗೆ ಕುಗ್ಗುತ್ತವೆ. ನಕ್ಷೆ ಹಾಗಲ್ಲ. ಚೂರುಗಳು ಗಟ್ಟಿ ಮರ, ಸುತ್ತಲಿನ ಚೌಕಟ್ಟು ಪ್ಲೈವುಡ್. ಪ್ಲೈವುಡ್ ಪದರಗಳು ಒಂದಕ್ಕೊಂದು ಅಡ್ಡವಾಗಿ ಅಂಟಿರುವುದರಿಂದ ಅದು ಹೆಚ್ಚು ಅಲುಗುವುದಿಲ್ಲ. ಗಟ್ಟಿ ಮರ ಎಳೆಯ ಉದ್ದಕ್ಕೆ ಉಬ್ಬುವುದು ಲೆಕ್ಕಕ್ಕಿಲ್ಲ, ಅಡ್ಡಕ್ಕೆ ಚೆನ್ನಾಗಿ ಉಬ್ಬುತ್ತದೆ. ಹಿಗ್ಗಿದ ನಕ್ಷೆ ಹಿಗ್ಗದ ಚೌಕಟ್ಟಿಗೆ ಒತ್ತಿಕೊಂಡಾಗ ನಡುವಿನ ಹಾಸನ ಸಿಕ್ಕಿಬೀಳುತ್ತದೆ.

ಎಳೆಯನ್ನು ಯಾವ ದಿಕ್ಕಿಗೆ ಇಟ್ಟಿದ್ದೀಯೋ ನೀನು ಹೇಳಿಲ್ಲ. ಬೀದರಿನಿಂದ ಚಾಮರಾಜನಗರದ ಕಡೆಗೆ ಎಳೆ ಓಡಲಿ. ನಮ್ಮ ರಾಜ್ಯ ಉದ್ದಕ್ಕೆ ಹೆಚ್ಚು, ಅಗಲಕ್ಕೆ ಕಡಿಮೆ. ನಿನ್ನ ಅಳತೆಯಲ್ಲಿ ಅಗಲ ಸುಮಾರು 21 ಸೆಂಟಿಮೀಟರ್ ಆಗುತ್ತದೆ. ಕರಾವಳಿಯ ಬೇಸಿಗೆಗೂ ಆಷಾಢಕ್ಕೂ ನಡುವೆ ಅಷ್ಟು ಅಗಲದ ಮರ ಎರಡು ಮೂರು ಮಿಲಿಮೀಟರ್ ಬೆಳೆಯಬಲ್ಲದು. ಆದ್ದರಿಂದ ಪೂರ್ವಕ್ಕೆ ಒಂದೂವರೆ, ಪಶ್ಚಿಮಕ್ಕೆ ಒಂದೂವರೆ ಮಿಲಿಮೀಟರ್ ಜಾಗ ಬಿಡು. ಉತ್ತರ ದಕ್ಷಿಣಕ್ಕೆ ಅದರ ಅರ್ಧ ಸಾಕು. ಬೇಸಿಗೆಯಲ್ಲಿ ಸ್ವಲ್ಪ ಸಡಿಲ ಕಾಣುತ್ತದೆ, ಕಾಣಲಿ. ಅಥವಾ ಚೌಕಟ್ಟನ್ನೂ ಅದೇ ಹಲಗೆಯಿಂದಲೇ ತೆಗೆ: ಹಲಗೆಯ ನಡುವೆ ನಕ್ಷೆ ಬಿಡಿಸಿಕೊಂಡು, ಉಳಿದ ಅಂಚನ್ನೇ ಚೌಕಟ್ಟಾಗಿ ಬಳಸು. ಆದರೆ ತಳದ ಪ್ಲೈವುಡ್ಡಿಗೆ ಅದನ್ನು ನಾಲ್ಕೂ ಸುತ್ತ ಅಂಟಿಸಬೇಡ, ಉತ್ತರ ಮತ್ತು ದಕ್ಷಿಣದ ಅಂಚುಗಳ ನಡುಭಾಗದಲ್ಲಿ ಮಾತ್ರ ಅಂಟಿಸು. ಇಲ್ಲದಿದ್ದರೆ ಚೌಕಟ್ಟಿನ ಚಲನೆಯನ್ನು ತಳ ಹಿಡಿದು ನಿಲ್ಲಿಸುತ್ತದೆ. ನನಗೆ ಈ ಎರಡನೆಯ ದಾರಿಯೇ ಹೆಚ್ಚು ಮೆಚ್ಚಿಗೆ.

ಹಿಂಬದಿಯಿಂದ ಹೋಗಿ ಮುಂಬದಿಯಿಂದ ಹೋಗದಿರುವುದು ಮರದ ದೋಷವಲ್ಲ. ಯಂತ್ರದ ಮೇಜು ಬ್ಲೇಡಿಗೆ ಲಂಬವಾಗಿಲ್ಲ. ಮೇಜಿನ ಕೆಳಗಿರುವ ಕೋನದ ಗುರುತನ್ನು ನಂಬಬೇಡ, ಎಷ್ಟೋ ಯಂತ್ರಗಳಲ್ಲಿ ಅದು ತಪ್ಪು ತೋರಿಸುತ್ತದೆ. ಪರೀಕ್ಷೆ ಹೀಗೆ ಮಾಡು. ಎರಡು ಇಂಚು ದಪ್ಪದ ಒಂದು ತುಂಡು ತೆಗೆದುಕೊಂಡು ಅಂಚಿನಿಂದ ಸ್ವಲ್ಪ ಕತ್ತರಿಸಿ ಹೊರಗೆಳೆ. ಅದನ್ನು ಮಗುಚದೆ ಬ್ಲೇಡಿನ ಹಿಂಬದಿಗೆ ಒಯ್ದು, ಅದೇ ಸಂದನ್ನು ಹಿಂದಿನಿಂದ ಬ್ಲೇಡಿಗೆ ತೂರಿಸು. ಸಲೀಸಾಗಿ ತೂರಿದರೆ ಮೇಜು ನೆಟ್ಟಗಿದೆ. ಮೇಲೋ ಕೆಳಗೋ ತಡೆದರೆ ಓರೆಯಾಗಿದೆ, ತೂರುವವರೆಗೆ ತಿದ್ದು. ಮೂಲೆಮಟ್ಟಕ್ಕಿಂತ ಈ ಪರೀಕ್ಷೆ ಸೂಕ್ಷ್ಮ.

ಬ್ಲೇಡ್ ಒಂದೇ ಕಡೆಗೆ ಎಳೆಯುವುದು ಸಹಜ. ತಯಾರಿಸುವಾಗ ಹಲ್ಲಿನ ಒಂದು ಬದಿಯಲ್ಲಿ ಉಕ್ಕಿನ ಅತಿಸಣ್ಣ ಮುಳ್ಳು ಉಳಿಯುತ್ತದೆ, ಆ ಬದಿ ಹೆಚ್ಚು ಕಚ್ಚುತ್ತದೆ. ಸಾಮಾನ್ಯವಾಗಿ ಅದು ಬಲಗಡೆ. ಮರವನ್ನು ನೇರವಾಗಿ ತಳ್ಳದೆ ತುಸು ಓರೆಯಾಗಿ ಕೊಡುವ ಅಭ್ಯಾಸ ಮಾಡಿಕೋ. ಬ್ಲೇಡ್ ಬಿಗಿಯಾಗಿರಲಿ. ಬೆರಳಿನಿಂದ ಮೀಟಿದರೆ ಸ್ಪಷ್ಟವಾದ ನಾದ ಬರಬೇಕು, ಮಂಕು ಸದ್ದು ಬಂದರೆ ಇನ್ನೂ ಸಡಿಲವಿದೆ. ಹಲ್ಲು ಮೊಂಡಾದ ಬ್ಲೇಡನ್ನು ಉಳಿಸಿಕೊಳ್ಳಬೇಡ. ಮೊಂಡಾದಾಗ ಕೈ ಹೆಚ್ಚು ಒತ್ತುತ್ತದೆ, ಒತ್ತಿದಾಗ ಬ್ಲೇಡ್ ಬಾಗುತ್ತದೆ, ಬಾಗಿದಾಗ ಮೇಜು ಎಷ್ಟೇ ನೆಟ್ಟಗಿದ್ದರೂ ಕತ್ತರಿಕೆ ಓರೆ.

ಪಿನ್ ಬ್ಲೇಡಿನಿಂದ ಕನ್ನಡ ಅಕ್ಷರ ಕತ್ತರಿಸಲಾಗದು. ಪಿನ್ ತೂರಬೇಕಾದರೆ ಐದು ಮಿಲಿಮೀಟರಿನ ತೂತು ಬೇಕು, ನಮ್ಮ ಅಕ್ಷರದ ಒಳಸುರುಳಿಯೇ ಅಷ್ಟಿರುತ್ತದೆ. ಪಿನ್ ಇಲ್ಲದ ಬ್ಲೇಡ್ ಹಿಡಿಯುವ ಹಿಡಿಕೆಗಳು ಹಲವು ಯಂತ್ರಗಳಿಗೆ ಬೇರೆಯಾಗಿ ಸಿಗುತ್ತವೆ, ಮೊದಲು ಅದನ್ನು ಹಾಕಿಸು. ಆಗ 5ನೇ ನಂಬರ್ ಬ್ಲೇಡಿಗೆ 1.6 ಮಿಲಿಮೀಟರಿನ ತೂತು ಸಾಕು. ಬ್ಲೇಡಿನ ದಪ್ಪ 0.4 ಮಿಲಿಮೀಟರ್, ಅಂದರೆ ಅಕ್ಷರಕ್ಕೂ ಗುಂಡಿಗೂ ನಡುವೆ ಉಳಿಯುವ ಸಂದೂ ಹೆಚ್ಚುಕಡಿಮೆ ಅಷ್ಟೇ. ಬಣ್ಣ ದಪ್ಪಗೆ ಹಚ್ಚಿದರೆ ಆ ಸಂದು ತುಂಬಿಹೋಗುತ್ತದೆ. ಅಕ್ಷರದ ಅಂಚಿಗೆ ಬಣ್ಣವೇ ಬೇಡ, ಮೇಲ್ಮೈಗೆ ಮಾತ್ರ ಸಾಕು.

'ಠ' ಒಳಗಿನ ಚುಕ್ಕೆಯನ್ನು ಬಿಡಿಯಾಗಿ ಕತ್ತರಿಸಬೇಡ, ಕಳೆದುಹೋಗುತ್ತದೆ, ಮಗುವಿನ ಬಾಯಿಗೂ ಹೋಗುತ್ತದೆ. ಚುಕ್ಕೆಯಿಂದ ವೃತ್ತಕ್ಕೆ ಒಂದು ಸೇತುವೆ ಬಿಡಬಹುದು. ಆದರೆ ಸೇತುವೆ ದಪ್ಪವಾದರೆ ಕಲಿಯುವ ಮಗು ಅದನ್ನೇ ಅಕ್ಷರವೆಂದು ತಿಳಿಯುತ್ತದೆ. ನಾನಾದರೆ ವೃತ್ತದ ಒಳಗನ್ನು ತೆಗೆಯದೆ ಹಾಗೇ ಬಿಟ್ಟು, ನಡುವೆ ಚಿಕ್ಕ ಹಳ್ಳ ಕೊರೆದು, ಅದರಲ್ಲಿ ಬೀಟೆಯ ಒಂದು ಗುಂಡು ಕಡ್ಡಿಯನ್ನು ಅಂಟು ಹಾಕಿ ಕೂರಿಸುತ್ತೇನೆ. ಬಿಳಿ ರಬ್ಬರ್ ಮರದಲ್ಲಿ ಕಪ್ಪು ಚುಕ್ಕೆ ಎಷ್ಟು ಅಂದವಾಗಿ ಕಾಣುತ್ತದೆ ನೋಡು.

ಚನ್ನಪಟ್ಟಣದ ಅರಗು ನಿನಗೆ ಒದಗುವುದಿಲ್ಲ. ಅಲ್ಲಿ ಆಲೆ ಮರ ತಿರುಗಣೆಯಲ್ಲಿ ತಿರುಗುತ್ತಿರುವಾಗ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮೆತ್ತಿಕೊಳ್ಳುತ್ತದೆ. ಚಪ್ಪಟೆ ಚೂರು ತಿರುಗುವುದಿಲ್ಲ, ಆ ಬಿಸಿಯೂ ಇಲ್ಲ. ನೀನು ಶುದ್ಧ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ಬಟ್ಟೆಯಲ್ಲಿ ತೆಳುವಾಗಿ ಒರೆಸು. ಇಲ್ಲವೇ ಜೇನುಮೇಣ ಸಾಕು.

ಈಗ ನನ್ನ ಮನಸ್ಸಿನ ಮಾತು. ಲೇಸರಿನವರ ಜೊತೆ ತೆಳು ಹಲಗೆಯಲ್ಲಿ ಸ್ಪರ್ಧೆಗೆ ಇಳಿಯಬೇಡ. ಮೂರು, ನಾಲ್ಕು ಮಿಲಿಮೀಟರಿನ ಹಾಳೆಯಲ್ಲಿ ಅವರ ವೇಗಕ್ಕೆ ನಿನ್ನ ಕೈ ಎಂದಿಗೂ ಸಾಟಿಯಾಗದು. ಆದರೆ 20 ಮಿಲಿಮೀಟರಿನ ಗಟ್ಟಿ ಮರ ಕೊಟ್ಟರೆ ಸಣ್ಣ ಲೇಸರ್ ಅಂಚನ್ನು ಸುಟ್ಟು ಕಪ್ಪಾಗಿಸುತ್ತದೆ, ನಿನ್ನ ಗರಗಸ ಹಾಯಾಗಿ ಹೋಗುತ್ತದೆ. ದಪ್ಪ ಮರಕ್ಕೆ ಹೋಗು, ಮತ್ತು ಬಣ್ಣ ಬಿಡು. ಮರಕ್ಕೇ ಬಣ್ಣವಿದೆ. ಹಲಸಿನ ತಿರುಳು ಹಳದಿ, ತೇಗ ಕಂದು, ರಬ್ಬರ್ ಮರ ಕೆನೆಬಿಳುಪು, ಬೀಟೆ ನೇರಳೆಗಪ್ಪು. ಅಕ್ಕಪಕ್ಕದ ಜಿಲ್ಲೆಗಳು ಬೇರೆ ಬೇರೆ ಮರದವಾಗಿರಲಿ. ಒಂದೇ ನಕಾಶೆಯನ್ನು ಸಮ ದಪ್ಪದ ನಾಲ್ಕು ಹಲಗೆಗಳ ಮೇಲೆ ಅಂಟಿಸಿ, ಯಾವ ಮರದಿಂದ ಯಾವ ಜಿಲ್ಲೆ ಎಂದು ಆರಿಸಿ ತೆಗೆದು ಜೋಡಿಸು. ಗೆರೆಯ ಮೇಲೆಯೇ ಕತ್ತರಿಸಬೇಕು, ಒಳಗೂ ಇಲ್ಲ ಹೊರಗೂ ಇಲ್ಲ. ಕೈ ಪಳಗಲು ಕಾಲ ಹಿಡಿಯುತ್ತದೆ. ಪಳಗಿದ ಮೇಲೆ ಅಂತಹ ನಕ್ಷೆಯ ಪಕ್ಕದಲ್ಲಿ ಯಾರೂ 250 ರೂಪಾಯಿಯ ಹಾಳೆಯನ್ನು ಹಿಡಿದು ತೋರಿಸುವುದಿಲ್ಲ.

---

ಮೂಡಿಗೆರೆಯ ಹಲಗೆ:

ಹಿರಿಯರು ಕೆಲಸದ ಬಗ್ಗೆ ಹೇಳಿದ ಮೇಲೆ ಅಲ್ಲಿ ಸೇರಿಸಲು ನನಗೇನೂ ಇಲ್ಲ. ನಾನು ಮಾರಾಟದ ಬಗ್ಗೆ ಬರೆಯುತ್ತೇನೆ. ನಮ್ಮ ತೋಟದ ಸಿಲ್ವರ್ ಓಕ್‌ನಲ್ಲಿ ಆನೆ, ಕಾಟಿ, ಮಂಗಟ್ಟೆ ಹಕ್ಕಿ ಇವುಗಳ ನಿಲ್ಲುವ ಪಜಲ್ ಮಾಡಿ ಹೋಮ್‌ಸ್ಟೇಗಳಿಗೆ, ಚಿಕ್ಕಮಗಳೂರಿನ ಒಂದು ಅಂಗಡಿಗೆ ಕೊಡುತ್ತೇನೆ. ಅದರಿಂದ ಮನೆ ಖರ್ಚಿನ ದೊಡ್ಡ ಪಾಲು ನಡೆಯುತ್ತಿದೆ.

ತಮ್ಮಾ, 450 ಎಂಬ ದರ ಎಲ್ಲಿಂದ ಬಂತು? ಲೆಕ್ಕ ಹಾಕಿ ಬಂದದ್ದಲ್ಲ, ಗಿರಾಕಿಯ ಮುಖ ನೋಡಿ ಬಂದದ್ದು ಎಂದು ನನಗೆ ಅನಿಸುತ್ತದೆ. ನಾನು ಹಾಕುವ ಲೆಕ್ಕ ಇದು. ಮರ 80, ತಟ್ಟೆ 40, ಬ್ಲೇಡ್ 30, ಸ್ಯಾಂಡ್‌ಪೇಪರ್ ಮತ್ತು ಮೇಣ 30, ಡಬ್ಬಿ 40. ಅಲ್ಲಿಗೆ 220 ರೂಪಾಯಿ. ನಿಮ್ಮ ನಕ್ಷೆಗೆ ಕತ್ತರಿಸಲು, ಉಜ್ಜಲು ಒಟ್ಟು ಎರಡು ಗಂಟೆ ಎಂದಿಟ್ಟುಕೊಳ್ಳಿ. ಗಂಟೆಗೆ 150 ಹಾಕಿದರೆ 300. ಒಟ್ಟು 520. ನಾನು ಕೊಡುವ ಅಂಗಡಿ ಮಾರಾಟ ಬೆಲೆಯ ಶೇಕಡಾ 35ನ್ನು ಇಟ್ಟುಕೊಳ್ಳುತ್ತದೆ. ಅದನ್ನು ಕಳೆದು 520 ಕೈಗೆ ಬರಬೇಕಾದರೆ ಬೆಲೆ 800 ಆಗಬೇಕು. ಸಂತೆಯಲ್ಲಿ ನೀವೇ ಮಾರುವಾಗಲೂ 800ಕ್ಕೇ ಮಾರಬೇಕು. ನೀವು 600ಕ್ಕೆ ಮಾರಿದ್ದು ಅಂಗಡಿಯವರಿಗೆ ಗೊತ್ತಾದ ದಿನ ಅವರು ನಿಮ್ಮ ಪೆಟ್ಟಿಗೆಯನ್ನು ವಾಪಸ್ ಕಳುಹಿಸುತ್ತಾರೆ. ಅವರ ಸಿಟ್ಟು ನ್ಯಾಯವಾದದ್ದೇ.

450ಕ್ಕೆ ಮಾರಿದರೆ ನಿಮ್ಮ ಎರಡು ಗಂಟೆಗೆ ಸಿಗುವುದು 230 ರೂಪಾಯಿ. ಅಂಗಡಿಗೆ ಕೊಟ್ಟರೆ 75 ರೂಪಾಯಿಯೂ ಉಳಿಯುವುದಿಲ್ಲ. ಅಪ್ಪ ಕೇಳುತ್ತಿರುವ ಲೆಕ್ಕ ಇದೇ ಇರಬೇಕು, ಬರೆದು ತೋರಿಸಿ.

ಯಾವಾಗ ಮಾರಬೇಕು ಎನ್ನುವುದೂ ದರದಷ್ಟೇ ಮುಖ್ಯ. ಅಕ್ಷರಮಾಲೆಗೆ ವಿಜಯದಶಮಿಯ ಅಕ್ಷರಾಭ್ಯಾಸ ದೊಡ್ಡ ಕಾಲ, ಅಜ್ಜ ಅಜ್ಜಿಯರು ಹುಡುಕಿಕೊಂಡು ಬರುತ್ತಾರೆ. ನಕ್ಷೆಗೆ ನವೆಂಬರ್ 1. ಅಂಗಡಿಯವರು ಇವೆರಡಕ್ಕೂ ಆಗಸ್ಟ್ ಹೊತ್ತಿಗೇ ಮಾದರಿ ಕೇಳುತ್ತಾರೆ. ಅಂದರೆ ಜೂನ್, ಜುಲೈಯ ಮಳೆಯಲ್ಲಿ ಕತ್ತರಿಸಬೇಕು. ಹಿರಿಯರು ಹೇಳಿದ ಸಂದಿನ ಲೆಕ್ಕ ಆಗ ತಿರುಗುಮುರುಗಾಗುತ್ತದೆ, ಮಳೆಯಲ್ಲಿ ಕತ್ತರಿಸಿದ್ದು ಬೇಸಿಗೆಗೆ ಕುಗ್ಗಿ ಇನ್ನಷ್ಟು ಸಡಿಲವಾಗುತ್ತದೆ, ನೆನಪಿರಲಿ.

ಐಎಸ್‌ಐ ವಿಷಯದಲ್ಲಿ ಹೆದರಿಸಿದವರು ಹೇಳಿದ್ದು ಸುಳ್ಳಲ್ಲ, ಅರ್ಧ ಮಾತು. 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ 2021ರ ಜನವರಿ 1ರಿಂದ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಕೊಡುವ ಈ ಐಎಸ್‌ಐ ಗುರುತು ಕಡ್ಡಾಯ. ವಿದ್ಯುತ್ ಇಲ್ಲದ ಆಟಿಕೆಗೆ ಅನ್ವಯಿಸುವ ಮಾನಕ ಐಎಸ್ 9873. ಆದರೆ ಕೇಂದ್ರ ಜವಳಿ ಸಚಿವಾಲಯದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ತಾವೇ ತಯಾರಿಸಿ ಮಾರುವ ವಸ್ತುಗಳಿಗೆ 2020ರ ಡಿಸೆಂಬರ್ ತಿದ್ದುಪಡಿಯಲ್ಲಿ ವಿನಾಯಿತಿ ಇದೆ. ನಿಮ್ಮ ಕೆಲಸದ ಮಾದರಿಗಳನ್ನು ತೆಗೆದುಕೊಂಡು ಕರಕುಶಲ ಸೇವಾ ಕೇಂದ್ರಕ್ಕೆ ಹೋಗಿ, ಕುಶಲಕರ್ಮಿಯ ಪೆಹಚಾನ್ ಗುರುತಿನ ಚೀಟಿಗೆ ಅರ್ಜಿ ಹಾಕಿ. ಅದು ಕೈಗೆ ಬರುವವರೆಗೆ ದೊಡ್ಡ ಅಂಗಡಿಗಳ ಕಡೆಗೆ ಹೋಗಬೇಡಿ. ನಿಮ್ಮ ತಂದೆಯವರು ಬಡಗಿ ಎಂದಿರಿ. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿಗಳೂ ಇದ್ದಾರೆ. ತರಬೇತಿ, ಉಪಕರಣಕ್ಕೆ 15,000 ರೂಪಾಯಿ, ಶೇಕಡಾ 5ರ ಬಡ್ಡಿಯಲ್ಲಿ ಮೊದಲು ಒಂದು ಲಕ್ಷದ ಸಾಲ ಅದರಲ್ಲಿವೆ. ಅವರ ಹೆಸರಿನಲ್ಲಿ ವಿಚಾರಿಸಿ.

ವಿನಾಯಿತಿ ಸಿಕ್ಕಿತೆಂದು ಸುರಕ್ಷತೆಯನ್ನು ಬಿಡುವಂತಿಲ್ಲ, ಇದನ್ನು ಒತ್ತಿ ಹೇಳುತ್ತೇನೆ. ಮೂರು ವರ್ಷದೊಳಗಿನ ಮಗುವಿನ ಆಟಿಕೆಯ ಯಾವ ಚೂರೂ 31.7 ಮಿಲಿಮೀಟರ್ ಒಳವ್ಯಾಸದ ಪರೀಕ್ಷಾ ಕೊಳವೆಯೊಳಗೆ ಪೂರ್ತಿ ಇಳಿಯಬಾರದು. ರಾಜ್ಯದ ಉದ್ದ ಸುಮಾರು 750 ಕಿಲೋಮೀಟರ್. ಅದನ್ನು ನೀವು 40 ಸೆಂಟಿಮೀಟರಿಗೆ ಇಳಿಸಿದರೆ 2,196 ಚದರ ಕಿಲೋಮೀಟರಿನ ಬೆಂಗಳೂರು ನಗರ ಜಿಲ್ಲೆ ಎರಡೂವರೆ ಸೆಂಟಿಮೀಟರಿನ ಚೂರಾಗುತ್ತದೆ. ಅದು ಕೊಳವೆಯಲ್ಲಿ ಇಳಿದೇ ಇಳಿಯುತ್ತದೆ. ನಕ್ಷೆಯ ಡಬ್ಬಿಯ ಮೇಲೆ "ಮೂರು ವರ್ಷದೊಳಗಿನ ಮಕ್ಕಳಿಗೆ ಅಲ್ಲ" ಎಂದು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆಯಿರಿ.

---

ಮಧುಗಿರಿ ಮೇಷ್ಟ್ರು:

ನಕ್ಷೆ ಎಂದ ಕೂಡಲೇ ಬರೆಯಬೇಕೆನಿಸಿತು. ಜಿಗ್‌ಸಾ ಪಜಲ್‌ನ ಆರಂಭವೇ ನಕ್ಷೆಯಿಂದ. 1760ರ ದಶಕದಲ್ಲಿ ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿ ಎಂಬ ನಕ್ಷೆಗಾರ ಭೂಪಟವನ್ನು ಮರದ ಹಲಗೆಗೆ ಅಂಟಿಸಿ, ದೇಶಗಳ ಗಡಿಯುದ್ದಕ್ಕೂ ಕತ್ತರಿಸಿ ಮಾರಿದ. ಭೂಗೋಳ ಕಲಿಸುವುದಕ್ಕೇ ಅದನ್ನು ಬಳಸುತ್ತಿದ್ದರು.

ನಿಮ್ಮ ನಕ್ಷೆಯಲ್ಲಿ ತುಮಕೂರು ಒಂದೇ ಚೂರೋ ಎರಡೋ? ನಮ್ಮ ಪಾವಗಡ ತಾಲ್ಲೂಕು ಜಿಲ್ಲೆಯ ಉಳಿದ ಭಾಗಕ್ಕೆ ಅಂಟಿಕೊಂಡಿಲ್ಲ. ನಡುವೆ ಆಂಧ್ರದ ಮಡಕಶಿರಾ ಬರುತ್ತದೆ. ಪಾವಗಡಕ್ಕೆ ರಾಜ್ಯದೊಂದಿಗೆ ನಂಟಿರುವುದು ಚಿತ್ರದುರ್ಗದ ಕಡೆಯಿಂದ. ಕೆಲವರು ಅದನ್ನು ಚಿತ್ರದುರ್ಗದ ಚೂರಿಗೆ ಸೇರಿಸಿಬಿಡುತ್ತಾರೆ, ಇನ್ನು ಕೆಲವರು ಪೂರ್ತಿ ಬಿಟ್ಟೇಬಿಡುತ್ತಾರೆ. ಎರಡೂ ಪಾವಗಡದ ಮಕ್ಕಳಿಗೆ ಅನ್ಯಾಯ. 31 ಜಿಲ್ಲೆಗೆ 32 ಚೂರು ಮಾಡಿ. ಮೈಸೂರಿನ ಹಿರಿಯರು ಹೇಳಿದಂತೆ ಬೇರೆ ಬೇರೆ ಮರ ಬಳಸುವುದಾದರೆ ಪಾವಗಡವನ್ನೂ ತುಮಕೂರಿನ ಮರದಿಂದಲೇ ಕತ್ತರಿಸಿ. ಮಗು ಅದನ್ನು ನೋಡಿ ತಾನಾಗಿ ಪ್ರಶ್ನೆ ಕೇಳುತ್ತದೆ. ತರಗತಿಯಲ್ಲಿ ನನಗೆ ಬೇಕಾದದ್ದು ಆ ಪ್ರಶ್ನೆ.

ಹೆಸರುಗಳನ್ನು ಚೂರಿನ ಮೇಲೆ ಸುಟ್ಟು ಬರೆಯಬೇಡಿ. 1997ರಲ್ಲಿ ಉಡುಪಿ, ಗದಗ, ಹಾವೇರಿ, ಕೊಪ್ಪಳ ಮೊದಲಾದ ಏಳು ಹೊಸ ಜಿಲ್ಲೆಗಳು ಒಮ್ಮೆಗೇ ಬಂದವು. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಬೇರೆಯಾಯಿತು. 2025ರಲ್ಲಿ ರಾಮನಗರ ಬೆಂಗಳೂರು ದಕ್ಷಿಣವಾಯಿತು. ಹೆಸರಿನ ಪಟ್ಟಿಯನ್ನು ಅಚ್ಚು ಮಾಡಿದ ಹಾಳೆಯಾಗಿ ಡಬ್ಬಿಯಲ್ಲಿಡಿ, ಬದಲಾದರೆ ಹಾಳೆ ಬದಲಿಸಿದರೆ ಸಾಕು. ಹಿಂಬದಿಯಲ್ಲಿ ಪೆನ್ಸಿಲಿನಿಂದ ಅಂಕಿ ಮಾತ್ರ ಇರಲಿ.

ಶಾಲೆಗೆ ಇದರ ಎರಡರಷ್ಟು ದೊಡ್ಡ ನಕ್ಷೆ ಮಾಡಿಕೊಡುವಿರಾ? ಆಗ ಬೆಂಗಳೂರು ನಗರವೂ ಹಿಡಿಯುವಷ್ಟಾಗುತ್ತದೆ. 800 ರೂಪಾಯಿಯ ಲೆಕ್ಕ ನೋಡಿದ್ದೇನೆ, ಕಡಿಮೆ ಮಾಡಿ ಎನ್ನುವುದಿಲ್ಲ.

---

ಪುತ್ತೂರಿನ ಗರಗಸ:

ಮೂವರಿಗೂ ಹೇಗೆ ಕೃತಜ್ಞತೆ ಹೇಳುವುದೋ ತಿಳಿಯುತ್ತಿಲ್ಲ. ಹಿರಿಯರೇ, ದಪ್ಪ ತುಂಡಿನ ಪರೀಕ್ಷೆ ಮಾಡಿದೆ. ಹಿಂದಿನಿಂದ ತೂರಲೇ ಇಲ್ಲ, ಆದರೆ ಮೇಜಿನ ಗುರುತು ಸೊನ್ನೆಯನ್ನೇ ತೋರಿಸುತ್ತಿತ್ತು. ತಿದ್ದಿದ ಮೇಲೆ ಕತ್ತರಿಸಿದ 'ಕ' ಎರಡೂ ಕಡೆಯಿಂದ ಇಳಿಯಿತು. ನಕ್ಷೆಯ ಎಳೆ ಪೂರ್ವ ಪಶ್ಚಿಮಕ್ಕೇ ಇತ್ತು. ಈಗ ಉತ್ತರ ದಕ್ಷಿಣಕ್ಕೆ ತಿರುಗಿಸಿದ್ದೇನೆ.

ಅಕ್ಕ, ನಿಮ್ಮ ಲೆಕ್ಕವನ್ನು ಶೆಡ್ಡಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದೆ. ಅಪ್ಪ ನೋಡಿ, ವಿದ್ಯುತ್ ಖರ್ಚು ಹಾಕಿಲ್ಲವಲ್ಲ ಎಂದು ಕೆಳಗೆ 10 ರೂಪಾಯಿ ಸೇರಿಸಿದರು. ಅಂಗಡಿಯ ಪಾಲು ಕಳೆದು ಅದೂ ಹುಟ್ಟಬೇಕೆಂದರೆ ಬೆಲೆ 816 ಆಗುತ್ತದೆ, 820 ಇಡುತ್ತೇನೆ.

ಮೇಷ್ಟ್ರೇ, ಪಾವಗಡ ನನ್ನ ನಕ್ಷೆಯಲ್ಲಿ ಚಿತ್ರದುರ್ಗಕ್ಕೆ ಸೇರಿಹೋಗಿತ್ತು. ಹೊಸ ನಕಾಶೆಯಲ್ಲಿ ಬೇರೆ ಮಾಡಿದ್ದೇನೆ. ದೊಡ್ಡ ನಕ್ಷೆಗೆ ನನ್ನ ಯಂತ್ರದ ತೋಳಿನ ಆಳ ಸಾಲುವುದಿಲ್ಲ, 16 ಇಂಚಿನಾಚೆಗೆ ಹಲಗೆ ತಿರುಗುವುದಿಲ್ಲ. ಹಾಗಾಗಿ ತುಂಗಭದ್ರೆಯ ಆಸುಪಾಸಿನ ಜಿಲ್ಲೆಗಳ ಗಡಿಯಲ್ಲಿ ಮೊದಲು ಎರಡು ಭಾಗ ಮಾಡಿಕೊಂಡು, ಆಮೇಲೆ ಒಂದೊಂದನ್ನೇ ಕತ್ತರಿಸಬಹುದೆಂದು ಯೋಚಿಸಿದ್ದೇನೆ. ಹಿರಿಯರೇ, ಇದು ನಡೆಯುತ್ತದೆಯೇ? ಬೀಟೆ ಎಲ್ಲಿಂದ ತರಲಿ?

---

ಬೀಟೆ ಮತ್ತು ಹಲಸು:

ನಡೆಯುತ್ತದೆ. ಮೊದಲ ಸೀಳನ್ನೂ ಸ್ಕ್ರೋಲ್ ಸಾದಲ್ಲೇ ಆ ಗಡಿಯುದ್ದಕ್ಕೆ ಮಾಡು, ಬೇರೆ ಗರಗಸದಲ್ಲಿ ಮಾಡಿದರೆ ಅಲ್ಲಿ ಮಾತ್ರ ಸಂದು ಅಗಲವಾಗಿ ಎದ್ದು ಕಾಣುತ್ತದೆ. ಹಲಗೆಯ ಒಂದೊಂದು ಅಂಚಿನಿಂದ ಅರ್ಧರ್ಧ ಬಂದು ನಡುವೆ ಸೇರಿಸಿದರೆ ತೋಳಿನ ಆಳ ಅಡ್ಡಬರುವುದಿಲ್ಲ.

ಬೀಟೆಯ ಇಡೀ ಹಲಗೆ ನಿನಗೆ ಬೇಡ. ಪೀಠೋಪಕರಣ ಮಾಡುವವರಲ್ಲಿ ಉಳಿದ ತುಂಡುಗಳನ್ನು ಕೇಳು, ಮತ್ತು ಬಿಲ್ ಇಲ್ಲದೆ ತರಬೇಡ. ಅದು ಅರಣ್ಯ ಇಲಾಖೆಯ ನಿಯಂತ್ರಣದಲ್ಲಿರುವ ಮರ. ವಿದೇಶಕ್ಕೆ ಕಳುಹಿಸುವ ಯೋಚನೆ ಇದ್ದರೆ ಅದಕ್ಕೆ ಸೈಟಿಸ್ ಎಂಬ, ಅಪಾಯದಲ್ಲಿರುವ ಸಸ್ಯ ಪ್ರಾಣಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ನಿಯಮಗಳೂ ಇವೆ. ಹೊರದೇಶದ ಗಿರಾಕಿಗೆ ಬೀಟೆಯ ಬದಲು ತೇಗದ ಗಾಢ ತುಂಡು ಹಾಕು. ಬೀಟೆಯ ಹುಡಿ ಕೆಲವರಿಗೆ ಚರ್ಮದ ತುರಿಕೆ ತರುತ್ತದೆ, ಉಸಿರಿಗೂ ಕೆಟ್ಟದ್ದು. ಬಟ್ಟೆ ಕಟ್ಟಿಕೊಂಡರೆ ಸಾಲದು, ಹುಡಿಗೆಂದೇ ಇರುವ ಮಾಸ್ಕ್ ಹಾಕಿಕೋ, ಅಪ್ಪನಿಗೂ ಒಂದು ಕೊಡು.

ಹಲಸಿನ ಹಳದಿ ವರ್ಷಗಳು ಕಳೆದಂತೆ ಕಂದು ಬಣ್ಣಕ್ಕೆ ತಿರುಗುತ್ತದೆ. ಆದ್ದರಿಂದ ಹಲಸಿನ ಜಿಲ್ಲೆಯ ಪಕ್ಕದಲ್ಲಿ ತೇಗದ ಜಿಲ್ಲೆಯನ್ನು ಇಡಬೇಡ, ಮುಂದೆ ಎರಡೂ ಒಂದೇ ಬಣ್ಣವಾಗುತ್ತವೆ. ನಡುವೆ ರಬ್ಬರ್ ಮರ ಬರಲಿ. ಕತ್ತರಿಸುವ ಮೊದಲೇ ಕಾಗದದ ನಕ್ಷೆಯಲ್ಲಿ ನಾಲ್ಕು ಬಣ್ಣದ ಪೆನ್ಸಿಲ್ ಹಿಡಿದು ಗುರುತು ಮಾಡಿಕೊಂಡು, ಅದರ ಚಿತ್ರವನ್ನು ಇಲ್ಲಿ ಹಾಕು, ನೋಡಿ ಹೇಳುತ್ತೇನೆ.